ಎರಡು ಪಾಳೆಯ, ಒಬ್ಬನೇ ಜಿನ

ಹೋದ ಶನಿವಾರ ಬಾಥೆಲ್‌ನ ಗೆಳೆಯರೊಬ್ಬರ ಮನೆಯಲ್ಲಿ ರನ್ನನನ್ನು ಓದಲು ಕುಳಿತಿದ್ದೆವು. ಒಬ್ಬರು ಕೇಳಿಯೇಬಿಟ್ಟರು: "ಇರುವೆಯನ್ನೂ ತುಳಿಯಬಾರದೆನ್ನುವ ಜೈನರು ದಂಡನಾಯಕರಾದದ್ದು ಹೇಗೆ ಸ್ವಾಮಿ?" ಕಾಫಿ ಆರಿತು, ಚರ್ಚೆ ಆರಲಿಲ್ಲ. ಹಾಗಾಗಿ ಈ ಟಿಪ್ಪಣಿ.

ಸುಲಭದ ಉತ್ತರ ಇಷ್ಟು. ಜೈನಧರ್ಮದಲ್ಲಿ ಮುನಿಯ ವ್ರತ ಬೇರೆ, ಗೃಹಸ್ಥನ ವ್ರತ ಬೇರೆ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪ ಹಿಂಸೆ. ಅದು ಗೃಹಸ್ಥನಿಗೂ ಸಲ್ಲದು. ಮೇಲೆ ಬಿದ್ದವನನ್ನು ಎದುರಿಸುವುದು ವಿರೋಧಿ ಹಿಂಸೆ. ಅದರಿಂದ ಅವನ ವ್ರತ ಕೆಡದು.

ಆದರೆ ಅಂತರ್ಯುದ್ಧದಲ್ಲಿ ವಿರೋಧಿ ಯಾರು? 973ರಲ್ಲಿ ರಾಷ್ಟ್ರಕೂಟರ ಸಾಮಂತ ತೈಲಪ ತನ್ನ ಒಡೆಯ ಕರ್ಕನನ್ನೇ ಉರುಳಿಸಿದ. ಗಂಗರ ಮಾರಸಿಂಹ ಮೂರನೇ ಕೃಷ್ಣನ ಮೊಮ್ಮಗ ಇಂದ್ರನನ್ನು ಪಟ್ಟಕ್ಕೇರಿಸಲು ಹೊರಟ. ಮಾರಸಿಂಹನೂ ಅವನ ದಂಡನಾಯಕ ಚಾವುಂಡರಾಯನೂ ಜೈನರು. ತೈಲಪನ ಪಾಳೆಯದಲ್ಲಿದ್ದ ನಾಗದೇವ, ಅಂದರೆ ನಮ್ಮ ಅತ್ತಿಮಬ್ಬೆಯ ಗಂಡ, ಅವನೂ ಜೈನನೇ.

ಅಮೆರಿಕದ ಅಂತರ್ಯುದ್ಧದ ಬಗ್ಗೆ ಲಿಂಕನ್ 1865ರಲ್ಲಿ ಹೇಳಿದ್ದೂ ಇದನ್ನೇ: ಎರಡೂ ಕಡೆಯವರು ಓದುವುದು ಒಂದೇ ಬೈಬಲ್, ಬೇಡುವುದು ಒಬ್ಬನೇ ದೇವರನ್ನು. ಆ ಯುದ್ಧದಲ್ಲಿ ಉತ್ತರದ ಪರ ಕಾದಿದ 500ಕ್ಕೂ ಹೆಚ್ಚು ಯೋಧರು ಸಿಯಾಟಲ್‌ನ ಕ್ಯಾಪಿಟಲ್ ಹಿಲ್‌ನಲ್ಲಿ ಮಲಗಿದ್ದಾರೆ, ಬಿಡುವಾದಾಗ ಹೋಗಿಬನ್ನಿ.

ಒಂದು ವ್ಯತ್ಯಾಸವಿದೆ. ಸಿದ್ಧಾಂತದ ಪ್ರಕಾರ ಜಿನ ವರ ಕೊಡುವ ದೇವರಲ್ಲ, ಅವನಲ್ಲಿ ಗೆಲುವನ್ನು ಬೇಡುವಂತಿಲ್ಲ. (ಅದಕ್ಕೆ ಯಕ್ಷಿಯರಿದ್ದರು, ಆ ಮಾತು ಬೇರೆ!) ಹಾಗಾದರೆ ಯೋಧನಿಗೆ ನಂಬಿಕೆಯಿಂದ ಸಿಕ್ಕಿದ್ದೇನು? ಕತ್ತಿ ಕೆಳಗಿಡುವ ಒಂದು ದಾರಿ. ಮಾರಸಿಂಹ ಸುಮಾರು 974ರಲ್ಲಿ ಬಂಕಾಪುರದಲ್ಲಿ, ಗುರು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ಪ್ರಾಣಬಿಟ್ಟ. ಪಟ್ಟ ದಕ್ಕದ ಇಂದ್ರನೂ 982ರಲ್ಲಿ ಶ್ರವಣಬೆಳಗೊಳದಲ್ಲಿ ಹಾಗೆಯೇ ದೇಹಬಿಟ್ಟ.

ಚಾವುಂಡರಾಯ ಬದುಕುಳಿದ. ಸಮರಪರಶುರಾಮನೆಂಬ ಬಿರುದಿನ ಈ ಮನುಷ್ಯ 978ರಲ್ಲಿ ಪುರಾಣ ಬರೆದ. ಸುಮಾರು 981ರಲ್ಲಿ ಗೊಮ್ಮಟನನ್ನು ಕಡೆಯಿಸಿದ. ಯಾರ ಮೂರ್ತಿ ಅದು? ಅಣ್ಣತಮ್ಮಂದಿರ ಜಗಳದಲ್ಲಿ ಗೆದ್ದಮೇಲೂ ರಾಜ್ಯವನ್ನು ಅಣ್ಣನಿಗೇ ಬಿಟ್ಟು ಕಾಡಿಗೆ ಹೋದ ಬಾಹುಬಲಿಯದು. ಸೈನಿಕರ ರಕ್ತ ಹರಿಯದಿರಲೆಂದು ಆ ಜಗಳವನ್ನು ಇಬ್ಬರ ನಡುವಿನ ದೃಷ್ಟಿ, ಜಲ, ಮಲ್ಲಯುದ್ಧಗಳಿಗೇ ನಿಲ್ಲಿಸಿದ ಕಥೆ ಅದು. ಅಂತಃಕಲಹದಲ್ಲಿ ಕಾದಿ ಬಂದವನು ಈ ಕಥೆಯನ್ನೇ ಆರಿಸಿದ್ದು ನಮಗಂತೂ ಕಾಕತಾಳೀಯ ಅನ್ನಿಸದು.

ಇನ್ನು ರನ್ನ. ಅವನಿಗೂ ಗುರು ಅಜಿತಸೇನರೇ. ಮೊದಲು ಆಶ್ರಯ ಕೊಟ್ಟವನು ಚಾವುಂಡರಾಯ. ಆಮೇಲೆ ಹೋಗಿ ಸೇರಿದ್ದು ತೈಲಪನ ಆಸ್ಥಾನವನ್ನು. 993ರಲ್ಲಿ ಅಜಿತಪುರಾಣ ಬರೆಸಿದವಳು ಅತ್ತಿಮಬ್ಬೆ, ಅಷ್ಟರಲ್ಲಿ ನಾಗದೇವ ಯುದ್ಧದಲ್ಲಿ ಮಡಿದಿದ್ದ. ರನ್ನ ತನ್ನ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಎರಡು ಪಾಳೆಯದ ಎರಡು ಹೆಸರು, ಒಂದೇ ಮನೆಯಲ್ಲಿ.