ತಿಮ್ಮಯ್ಯನ ಗುಂಡ್ಲು

ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಹೊರಗೆ ಕೆಲವು ಬಂಡೆಗಳಿವೆ. ಹಳಬರು ಅವಕ್ಕೆ ಇಟ್ಟ ಹೆಸರು ‘ಎನಮುಲ ತಿಮ್ಮಯ್ಯನ ಗುಂಡ್ಲು’. ಎನುಮು ಎಂದರೆ ತೆಲುಗಿನಲ್ಲಿ ಎಮ್ಮೆ. ಗುಂಡುಗಳು ಅನ್ನಬೇಕಾದಲ್ಲಿ ಗುಂಡ್ಲು ಅಂದಿರುವುದೂ ತೆಲುಗಿನ ಬಹುವಚನವೇ. ಯಾವ ಕಾಲದಲ್ಲೋ ತಿಮ್ಮಯ್ಯನೆಂಬವನು ಎಮ್ಮೆಗಳನ್ನು ಮೇಯಲು ಬಿಟ್ಟು ಈ ಬಂಡೆಗಳ ನೆರಳಲ್ಲಿ ಕೂತಿರಬೇಕು. ಅವನು ಬೆನ್ನಿಗೆ ಕೊಟ್ಟ ಕಲ್ಲಿನ ಮೇಲೆ ಕ್ರಿಸ್ತಪೂರ್ವ ಮೂರನೇ ಶತಮಾನದ ಅಶೋಕ ಚಕ್ರವರ್ತಿಯ ಶಾಸನವಿತ್ತು. ತಿಮ್ಮಯ್ಯನಿಗೆ ಅದು ಗೊತ್ತಿರಲಿಲ್ಲ. 1892ರಲ್ಲಿ ಮೈಸೂರು ಸಂಸ್ಥಾನದ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಗುರುತಿಸುವವರೆಗೆ ಯಾರಿಗೂ ಗೊತ್ತಿರಲಿಲ್ಲ.

ಅದೇ ವರ್ಷ ರೈಸ್ ಅವರಿಗೆ ಈ ಸೀಮೆಯಲ್ಲಿ ಸಿಕ್ಕಿದ್ದು ಒಂದಲ್ಲ, ಮೂರು ಅಶೋಕ ಶಾಸನಗಳು. ಬ್ರಹ್ಮಗಿರಿಯ ಬುಡದ ಬಂಡೆಯನ್ನು ಜನ ‘ಅಕ್ಷರ ಗುಂಡು’ ಎನ್ನುತ್ತಿದ್ದರು. ಓದಲು ಬಾರದಿದ್ದರೂ ಅದು ಅಕ್ಷರ ಎಂದು ತಿಳಿದಿತ್ತು. ಮೂರನೆಯದು ಜಟಿಂಗ ರಾಮೇಶ್ವರ ಬೆಟ್ಟದ ಮೇಲಿನದು, ‘ಬಳೆಗಾರರ ಗುಂಡು’. ಜಾತ್ರೆಗೆ ಬಂದ ಬಳೆಗಾರರು ಅದರ ಮೇಲೆಯೇ ಮಲಾರ ಬಿಚ್ಚಿ ಕೂರುತ್ತಿದ್ದರು. ತಲೆಮಾರುಗಟ್ಟಲೆ ಜನ ಕೂತು ಎದ್ದು ಓಡಾಡಿ ಆ ಶಾಸನದ ಅಕ್ಷರಗಳು ಬಹಳಷ್ಟು ಸವೆದಿವೆ. ಅದಕ್ಕಾಗಿ ಬಳೆಗಾರರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಚಕ್ರವರ್ತಿಯ ಮಾತಿನ ಮೇಲೆ ಹಸಿರು ಗಾಜಿನ ಬಳೆಗಳು ಹರಡಿದ್ದ ಆ ದೃಶ್ಯವನ್ನು ನೆನೆದರೆ ಈ ನೆಲದ ಮೇಲೆ ಪ್ರೀತಿ ಹೆಚ್ಚುತ್ತದೆ.

ಶಾಸನ ಶುರುವಾಗುವುದೇ ಕುಶಲ ವಿಚಾರಿಸುವುದರಿಂದ. ಸುವರ್ಣಗಿರಿಯಿಂದ ಆರ್ಯಪುತ್ರನೂ ಅಲ್ಲಿನ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯ ಕೇಳುತ್ತಾರೆ, ಆಮೇಲೆ ಆಜ್ಞೆ. ಇಸಿಲ ಎಂದರೆ ಇದೇ ಊರು. ತಂದೆ ತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎನ್ನುವುದರ ಜೊತೆಗೆ ಜೀವಿಗಳ ಮೇಲಿನ ದಯೆ ಗಟ್ಟಿಯಾಗಿರಬೇಕು ಎಂಬ ಮಾತೂ ಬರುತ್ತದೆ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಲಿಪಿಕಾರ ಎಂಬ ಪದವನ್ನು ಮಾತ್ರ ಅವನು ಬ್ರಾಹ್ಮಿ ಬಿಟ್ಟು ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಗಾಂಧಾರ ಸೀಮೆಯ ಲಿಪಿ. ಇಲ್ಲಿನವರು ಯಾರೂ ಅದನ್ನು ಓದಲಾರರೆಂದು ಅವನಿಗೆ ಗೊತ್ತಿದ್ದಿರಬೇಕು. ಆದರೂ ದೂರದ ತನ್ನ ಊರಿನ ಅಕ್ಷರವನ್ನು ಒಂದೇ ಒಂದು ಪದದಲ್ಲಿ ಬಿಟ್ಟುಹೋದ. ಪ್ರಾಕೃತದ ಮಾತು, ಬ್ರಾಹ್ಮಿಯ ಬರಹ, ಖರೋಷ್ಠಿಯ ರುಜು, ಕನ್ನಡದ ಅಕ್ಷರ ಗುಂಡು, ತೆಲುಗಿನ ತಿಮ್ಮಯ್ಯನ ಗುಂಡ್ಲು. ಒಂದೆರಡು ಮೈಲಿಯೊಳಗೆ ಇವೆಲ್ಲ ಇವೆ.

ಇಲ್ಲಿಗೆ ಎರಡು ಭಾಷೆ ಎಂದೂ ಭಾರವಾಗಿಲ್ಲ. ಮೊಳಕಾಲ್ಮುರಿನಿಂದ ಆಂಧ್ರದ ರಾಯದುರ್ಗ ಕೂಗಳತೆಯಲ್ಲಿದೆ. ಚಳ್ಳಕೆರೆಯಿಂದ ಮೂಡಣಕ್ಕೆ ಹೊರಟರೆ ಕಲ್ಯಾಣದುರ್ಗ. ಎಷ್ಟೋ ಹಟ್ಟಿಗಳಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಒಂದೇ ವಾಕ್ಯ ಅಲ್ಲಿ ಹುಟ್ಟಿ ಇಲ್ಲಿ ಮುಗಿಯುವುದನ್ನು ಬಸ್ ನಿಲ್ದಾಣದಲ್ಲಿ ಕೂತು ಎಷ್ಟು ಹೊತ್ತಾದರೂ ಕೇಳಬಹುದು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕ, ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯನವರು ಇದೇ ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ಗಡಿಸೀಮೆಯನ್ನು ಭಾಷೆ ತೆಳುವಾಗುವ ಜಾಗ ಎಂದುಕೊಂಡವರು ತಳುಕಿನ ಹೆಸರು ನೆನೆಯಲಿ.

ಭೂಪಟದಲ್ಲಿ ನೋಡಿದರೆ ಕಡಲು ಇಲ್ಲಿಂದ ಬಲು ದೂರ. ಆದರೆ ಈ ನೆಲದ ಬದುಕು ಪೂರ್ವದ ಕಡಲಿಗೆ, ಅಂದರೆ ತೆಲುಗು ಕರಾವಳಿಗೆ ಅಂಟಿಕೊಂಡಿದೆ. ಪಶ್ಚಿಮ ಘಟ್ಟ ಮುಂಗಾರಿನ ಬಹುಪಾಲನ್ನು ತಾನೇ ಇಳಿಸಿಕೊಂಡು ಮೋಡಗಳನ್ನು ಬರಿಗೈಯಲ್ಲಿ ಇತ್ತ ಕಳಿಸುತ್ತದೆ. ಆಷಾಢವಿಡೀ ಗಾಳಿ, ಬರೀ ಗಾಳಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ನೆಲದಡಿ ಶೇಂಗಾ ಕಾಯಿ ತುಂಬುತ್ತದೆ. ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸು. ಅಷ್ಟರಲ್ಲೇ ಚಳ್ಳಕೆರೆ ಎಣ್ಣೆ ಗಿರಣಿಗಳ ಊರಾಯಿತು, ಕುರಿಯ ಉಣ್ಣೆಯಿಂದ ಕಂಬಳಿಯ ಊರಾಯಿತು.

ಕಡಲು ಕೊಟ್ಟದ್ದನ್ನು ವೇದಾವತಿ ಕಡಲಿಗೇ ಒಯ್ಯುತ್ತಾಳೆ. ಹಿರಿಯೂರಿನಿಂದ ಬಂದು, ಚಳ್ಳಕೆರೆ ಸೀಮೆ ಹಾದು, ಅನಂತಪುರದ ಕಡೆ ಆಂಧ್ರಕ್ಕೆ ಇಳಿದು, ಹಗರಿ ಎಂದು ಕರೆಸಿಕೊಂಡು ಮತ್ತೆ ಬಳ್ಳಾರಿಗೆ ಬಂದು ತುಂಗಭದ್ರೆ ಸೇರುತ್ತಾಳೆ. ಅಲ್ಲಿಂದ ಕೃಷ್ಣೆ, ಕೃಷ್ಣೆಯಿಂದ ಬಂಗಾಳ ಕೊಲ್ಲಿ. ಹಾಗೆಂದು ಹೇಳುವುದು ಸುಲಭ, ವರ್ಷಗಟ್ಟಲೆ ಅವಳು ಮರಳಾಗಿಯೇ ಮಲಗಿರುತ್ತಾಳೆ. ಅವಳಿಗೆ ಅಡ್ಡ ಕಟ್ಟಿದ, 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ತುಂಬಿ ಹರಿದದ್ದು 2022ರಲ್ಲಿ, 89 ವರ್ಷಗಳ ನಂತರ. ಆ ಸೆಪ್ಟೆಂಬರಿನಲ್ಲಿ ಕೋಡಿ ನೋಡಲು ಬಂದ ಮುದುಕರು ನೀರಿಗೆ ಕೈಮುಗಿದು ಸುಮ್ಮನೆ ನಿಂತಿದ್ದರು. ಅವರಲ್ಲಿ ಹೆಚ್ಚಿನವರು ಅದನ್ನು ಅಜ್ಜನ ಬಾಯಲ್ಲಿ ಕೇಳಿದ್ದರೇ ಹೊರತು ಕಣ್ಣಲ್ಲಿ ಕಂಡವರಲ್ಲ.

ಕರಾವಳಿಯ ಇನ್ನೊಂದು ಗುರುತು ಮಣ್ಣಿನಡಿಯಿಂದ ಬಂತು. 1940ರ ದಶಕದ ಆರಂಭದಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಬ್ರಹ್ಮಗಿರಿಯಲ್ಲಿ ಅಗೆತ ಶುರುಮಾಡಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ಕೆಳಗಿನ ಪದರದಲ್ಲಿ ನಯಗೊಳಿಸಿದ ಕಲ್ಲುಕೊಡಲಿಯ ದನಗಾಹಿಗಳು, ಅದರ ಮೇಲೆ ಬೃಹತ್ ಶಿಲಾಗೋರಿಗಳ ಕಬ್ಬಿಣದ ಜನ, ಅದರ ಮೇಲಿನ ಪದರಕ್ಕೆ ವೀಲರ್ ಕೊಟ್ಟ ಹೆಸರು ‘ಆಂಧ್ರ ಸಂಸ್ಕೃತಿ’. ಪದರಗಳಿಗೆ ಕಾಲ ನಿಗದಿ ಮಾಡಲು ಅವರಿಗೆ ನೆರವಾದದ್ದು ಸುತ್ತಲೂ ಗಾಲಿಗೆರೆಯ ಅಲಂಕಾರವಿದ್ದ ಬೋಕಿಚೂರುಗಳು. ಅಂಥವೇ ಮಡಕೆಗಳು ಪುದುಚೇರಿಯ ಬಳಿಯ ಅರಿಕಮೇಡು ಎಂಬ ಬಂದರಿನಲ್ಲಿ ರೋಮನ್ ವ್ಯಾಪಾರದ ಸರಕಿನ ಜೊತೆ ಸಿಕ್ಕಿದ್ದವು. ಬ್ರಹ್ಮಗಿರಿಯ ಈ ಕಲ್ಲುಗಳ ನಡುವೆ ಬದುಕಿದವರು ಕಡಲಂಚಿನ ಬಂದರಿನಲ್ಲಿ ಬಳಕೆಯಲ್ಲಿದ್ದಂಥ ತಟ್ಟೆಯಲ್ಲಿ ಉಣ್ಣುತ್ತಿದ್ದರು.

ಕಲ್ಲುಕೊಡಲಿಯ ಕಾಲದಿಂದ ತಿಮ್ಮಯ್ಯನ ಕಾಲದವರೆಗೆ ಬದಲಾಗದ ಒಂದು ಸಂಗತಿ ಇದೆ: ದನ. ಮ್ಯಾಸನಾಯಕ ಸಮುದಾಯದ ಹಟ್ಟಿಗಳಲ್ಲಿ ಇಂದಿಗೂ ‘ದೇವರ ಎತ್ತು’ಗಳ ಹಿಂಡುಗಳಿವೆ. ಇವನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ, ಕಟ್ಟಿಹಾಕುವುದಿಲ್ಲ. ಕಾಯುವವರು ಕಿಲಾರಿಗಳು. ಹುಲಿಯೊಡನೆ ಸೆಣಸಿದ ಗಾದ್ರಿಪಾಲನಾಯಕನನ್ನು ಇವರು ಹಾಡುತ್ತಾರೆ, ಪೂಜಿಸುತ್ತಾರೆ. ಹುಲಿ ಈ ಸೀಮೆಯಿಂದ ಹೋಗಿ ಎಷ್ಟೋ ಕಾಲವಾಯಿತು. ಹಾಡಿನಲ್ಲಿ ಅದು ಇನ್ನೂ ಇದೆ, ಹಾಡು ಇರುವವರೆಗೆ ಈ ಬಯಲಿನಲ್ಲಿ ಏನಿತ್ತು ಎಂಬ ಲೆಕ್ಕವೂ ಇರುತ್ತದೆ.

ಮೈಸೂರು ಅರಸರ ಕಾಲಕ್ಕೆ ಈ ದನಗಾಹಿ ನೆಲಕ್ಕೆ ಇನ್ನೊಂದು ಹೆಸರು ಬಂತು: ಅಮೃತಮಹಲ್ ಕಾವಲು. ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಎಂದು ಶುರುಮಾಡಿದ ಅರಮನೆಯ ದನಗಳ ಇಲಾಖೆಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಚಿದಂಬರಕ್ಕೆ ನೆರವು ಬೇಕಾದಾಗ ಹೈದರನ ದಂಡು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಕಾಲ್ಬಲದಿಂದ ಎಂಬ ಮಾತು ಪ್ರಸಿದ್ಧ. ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ ದನಗಳನ್ನು ಋತುವಿಗೆ ತಕ್ಕಂತೆ ನಡೆಸುತ್ತಿದ್ದರು. ಹುಲ್ಲಿಗೆ ಉಸಿರಾಡಲು ಬಿಡುವು ಕೊಡುವ ಈ ಕ್ರಮ ಎಷ್ಟು ತಿಳಿವಳಿಕೆಯದು ಎಂದು ನೋಡಿ. ಒಟ್ಟು ಸಂಸ್ಥಾನದಲ್ಲಿ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲಿನಲ್ಲಿ ಈಗ ಸಣ್ಣ ಪಾಲಷ್ಟೇ ಉಳಿದಿದೆ. ಉಳಿದದ್ದರಲ್ಲಿ ಚಳ್ಳಕೆರೆಯದು ದೊಡ್ಡದಾಗಿತ್ತು.

ನವೆಂಬರಿನ ಒಂದು ಬೆಳಗು ಅಂಥ ಕಾವಲಿನೊಳಗೆ ನಡೆದದ್ದು ನೆನಪಿದೆ. ಹುಲ್ಲು ಮೊಣಕಾಲುದ್ದ, ತುದಿಯಲ್ಲಿ ಮಂಜು. ದೂರದಿಂದ ಒಂದೇ ಹುಲ್ಲಿನಂತೆ ಕಂಡದ್ದು ಬಗ್ಗಿ ನೋಡಿದರೆ ಹತ್ತು ಬಗೆ. ಪೊರಕೆಗೆ ಕೊಯ್ಯುವ ಹಂಚಿಕಡ್ಡಿ ಒಂದು ಕಡೆ, ನೆಲ ಹಿಡಿದ ಗರಿಕೆ ಇನ್ನೊಂದು ಕಡೆ, ನಡುವೆ ತಂಗಡಿಯ ಹಳದಿ ಹೂ. ಹತ್ತು ಹೆಜ್ಜೆ ಹೋಗುವುದರೊಳಗೆ ಪ್ಯಾಂಟಿನ ತುಂಬ ಊಬು ಚುಚ್ಚಿಕೊಂಡಿತು. ಒಂದನ್ನು ಕಿತ್ತು ಅಂಗೈ ಮೇಲೆ ಇಟ್ಟು, ಬೆರಳದ್ದಿ ಒಂದು ಹನಿ ನೀರು ಹಾಕಿದೆ. ಹಗ್ಗದಂತೆ ಹುರಿಗೊಂಡಿದ್ದ ಅದರ ಬಾಲ ನಿಧಾನವಾಗಿ ಬಿಚ್ಚಿಕೊಳ್ಳುತ್ತ ತಿರುಗತೊಡಗಿತು, ಚೂಪು ಮೂತಿ ಚರ್ಮಕ್ಕೆ ಊರಿತು. ಮಳೆ ಬಿದ್ದೊಡನೆ ಬೀಜ ಹೀಗೆ ಬೈರಿಗೆಯಂತೆ ತಿರುಗಿ ತನ್ನನ್ನು ತಾನೇ ನೆಲದೊಳಗೆ ಬಿತ್ತಿಕೊಳ್ಳುತ್ತದೆ. ಉಳುವವರಿಲ್ಲ, ನೆಡುವವರಿಲ್ಲ. ಈ ನೆಲವನ್ನು ದಾಖಲೆಯಲ್ಲಿ ‘ಪಾಳು’ ಎಂದು ಬರೆದ ಕೈ ಒಮ್ಮೆ ಈ ಊಬನ್ನು ಹಿಡಿದು ನೋಡಬೇಕಿತ್ತು.

ಕೃಷ್ಣಮೃಗಗಳು ಬೇಕಾದದ್ದನ್ನೆಲ್ಲ ಈ ಬಯಲಿನಿಂದಲೇ ಪಡೆಯುತ್ತವೆ. ಅವಕ್ಕೆ ಕಾಡು ಬೇಡ, ಕಣ್ಣಿಗೆ ಅಡ್ಡ ಬರದ ಬಯಲು ಬೇಕು. ಓಟವೇ ಅವುಗಳ ಕೋಟೆ. ಹಸಿರು ಮಾಡುತ್ತೇವೆಂದು ಹುಲ್ಲಿನ ನಡುವೆ ನೀಲಗಿರಿ, ಅಕೇಶಿಯಾ ನೆಡುವುದು ಇವುಗಳ ಪಾಲಿಗೆ ಗೋಡೆ ಕಟ್ಟಿದಂತೆ. ತೋಳ, ನರಿ, ಗೌಜಲು, ನೆಲದ ಮೇಲೆಯೇ ಮೊಟ್ಟೆಯಿಡುವ ನೆಲಗುಬ್ಬಿ ಎಲ್ಲವೂ ಇದೇ ಬಯಲನ್ನು ನಂಬಿವೆ. ಎರೆಭೂತ ಹಕ್ಕಿಯ ಕತೆ ಎದುರಿಗೇ ಇದೆ. ತೆಲುಗರು ಬಟ್ಟಮೇಕ ಎನ್ನುವ, ಮೀಟರು ಎತ್ತರದ ಆ ಹಕ್ಕಿ ಒಂದು ಕಾಲಕ್ಕೆ ದಖನ್ನಿನ ಬಯಲುಗಳಲ್ಲಿ ಹರಡಿಕೊಂಡಿತ್ತು. ಕರ್ನಾಟಕದಲ್ಲಿ ಈಗ ಅದರ ಹೆಸರು ಕೇಳಿಬರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಮಾತ್ರ, ಅದೂ ಬೆರಳೆಣಿಕೆಯಲ್ಲಿ.

ಮೊಳಕಾಲ್ಮುರಿನ ಕಡೆ ಹೋದಂತೆ ಬಯಲು ಮುಗಿದು ಕಲ್ಲು ಏಳುತ್ತದೆ. ರಾಮನಗರದಿಂದ ಉತ್ತರಕ್ಕೆ ಹಾದುಬರುವ, ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟ್ ಗ್ರಾನೈಟ್ ಇಲ್ಲಿಯೂ ಇದೆ. ಗುಂಡುಗಳ ಸಂದಿಗಳೇ ಕರಡಿಯ ಮನೆ. ಪಕ್ಕದ ಗುಡೇಕೋಟೆಯಲ್ಲಿ ಕರಡಿಧಾಮವಿದೆ, ಆದರೆ ಕರಡಿಗೆ ತಾಲ್ಲೂಕಿನ ಗಡಿ ತಿಳಿಯದು.

ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ರಾವಣನಿಗೆ ಅಡ್ಡಬಂದು ಜಟಾಯು ರೆಕ್ಕೆ ಕತ್ತರಿಸಿಕೊಂಡು ಬಿದ್ದನೆಂದು ಸ್ಥಳಪುರಾಣ. ಆ ಬೆಟ್ಟದ ಮೇಲೆ ನಿಂತು ಆಕಾಶ ನೋಡಿದರೆ ಹದ್ದುಗಳು ಕಾಣುತ್ತವೆ, ರಣಹದ್ದು ಕಾಣುವುದಿಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವಿನ ಮದ್ದು ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ, 1990ರ ದಶಕದಿಂದ ದೇಶದ ತುಂಬ ಅವುಗಳ ಸಂತತಿ ನೆಲಕಚ್ಚಿತು. ಪಶುಚಿಕಿತ್ಸೆಯಲ್ಲಿ ಆ ಮದ್ದನ್ನು ನಿಷೇಧಿಸಿದ್ದು 2006ರಲ್ಲಿ. ಜಟಾಯುವಿನ ಬೆಟ್ಟದಲ್ಲಿ ಜಟಾಯುವಿನ ಕುಲ ಇಲ್ಲವೆಂಬುದು ನನಗೆ ಬಹಳ ನೋವಿನ ಸಂಗತಿ.

ಆ ಬೆಟ್ಟದ ಕತೆಯನ್ನು ಹೇಳುವ ಜನ ರಾವಣ ಬಂದದ್ದು ಪುಷ್ಪಕದಲ್ಲಿ ಎನ್ನುತ್ತಾರೆ. ಚಳ್ಳಕೆರೆಯ ಬಯಲಿನಲ್ಲಿ ಇನ್ನೊಂದು ಪುಷ್ಪಕ್ ಇಳಿದಿದೆ. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆಯ ಉಡ್ಡಯನ ವಾಹನವನ್ನು ಹೆಲಿಕಾಪ್ಟರಿನಿಂದ ಎತ್ತರದಲ್ಲಿ ಬಿಟ್ಟಾಗ ಅದು ತಾನೇ ದಾರಿ ಕಂಡುಕೊಂಡು ಡಿಆರ್‌ಡಿಒ ಪರೀಕ್ಷಾ ನೆಲೆಯ ಓಡುದಾರಿಗೆ ಇಳಿಯಿತು. ಮರುವರ್ಷದ ಪರೀಕ್ಷೆಗಳಲ್ಲಿ ಇಳಿದ ವಾಹನದ ಹೆಸರೇ ಪುಷ್ಪಕ್. ಇಲ್ಲಿನ ಮಕ್ಕಳು ಅದನ್ನು ಹೆಮ್ಮೆಯಿಂದ ಹೇಳುತ್ತಾರೆ, ನನಗೂ ಹೆಮ್ಮೆಯಿದೆ. ಆದರೆ ಆ ಓಡುದಾರಿ ಇರುವುದು ಕಾವಲಿನಲ್ಲಿ. 2007ರಿಂದ ಕೆಲವೇ ವರ್ಷಗಳಲ್ಲಿ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ ಮುಂತಾದವಕ್ಕೆ ಹಂಚಿಕೆಯಾಯಿತು. ಸುತ್ತ ಗೋಡೆ ಎದ್ದಾಗಲೇ ಎಷ್ಟೋ ಹಳ್ಳಿಗಳವರಿಗೆ ವಿಷಯ ತಿಳಿದದ್ದು. ಕುರಿಗಾಹಿಗಳು ಬೀದಿಗಿಳಿದರು, ಪರಿಸರ ಹೋರಾಟಗಾರರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆ ಹೋದರು, 2014ರಲ್ಲಿ ತೀರ್ಪು ಬಂತು. ಗೋಡೆ ನಿಂತಿದೆ. ದೇಶಕ್ಕೆ ವಿಜ್ಞಾನ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಕೇಳದೆ ತೆಗೆದುಕೊಂಡದ್ದು ತಪ್ಪು ಎಂಬುದರಲ್ಲೂ ಎರಡು ಮಾತಿಲ್ಲ. ಸಾವಿರಾರು ಕುರಿಗಳಿಗೆ, ದೇವರ ಎತ್ತುಗಳಿಗೆ, ಕಂಬಳಿಯ ಮಗ್ಗಗಳಿಗೆ ಆಸರೆಯಾಗಿದ್ದ ಹುಲ್ಲನ್ನು ಯಾರೂ ಬಳಸದ ನೆಲವೆಂದು ಲೆಕ್ಕ ಹಾಕಿದ್ದು ಇನ್ನೂ ದೊಡ್ಡ ತಪ್ಪು.

ನವೆಂಬರಿನ ಅದೇ ದಿನದ ಸಂಜೆ ಗೋಡೆಯ ಈಚೆ ಒಂದು ದಿಣ್ಣೆಯ ಮೇಲೆ ಕೂತಿದ್ದೆ. ಹೊತ್ತು ಮುಳುಗುವ ಹದಕ್ಕೆ ಹ್ಯಾರಿಯರ್ ಗಿಡುಗಗಳು ಬರತೊಡಗಿದವು. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಹುಲ್ಲಿಗೆ ಬರುವ ಹಕ್ಕಿಗಳು ಇವು. ಮರದ ಮೇಲೆ ಕೂರುವುದು ಅಪರೂಪ, ರಾತ್ರಿ ಕಳೆಯುವುದೂ ನೆಲದ ಮೇಲೆ, ಹುಲ್ಲಿನೊಳಗೆ, ಒಟ್ಟಾಗಿ. ಉದ್ದ ರೆಕ್ಕೆ ಅಗಲಿಸಿ, ಹುಲ್ಲಿನ ತುದಿ ಸವರುವಷ್ಟು ಕೆಳಗೆ ಒಂದು ಸುತ್ತು ಹಾಕಿ, ಕಾಲು ಇಳಿಬಿಟ್ಟು ಒಂದೊಂದೇ ಇಳಿದು ಮರೆಯಾದವು. ಕತ್ತಲಲ್ಲಿ ನನಗೆ ಎಣಿಕೆ ತಪ್ಪಿತು. ಕೆಳಗಿನ ಹಳ್ಳದ ಕಡೆಯಿಂದ ಕುರಿಗಳ ಗಂಟೆಯ ಸದ್ದು ಬಂತು. ಹಿಂದೆ ಬಿದ್ದ ಮರಿಯನ್ನು ಹುಡುಗನೊಬ್ಬ ತೆಲುಗಿನಲ್ಲಿ ಕೂಗಿ ಕರೆದ. ಅದು ಬಾರದಿದ್ದಾಗ ಕನ್ನಡದಲ್ಲಿ ಬೈದು, ಕೋಲು ಊರಿಕೊಂಡು ತಾನೇ ವಾಪಸ್ ಹೊರಟ.