ಮಸ್ತಿಷ್ಕದಲ್ಲಿ ಜನಿಸುವ ಚೋದಕಗಳು

ಶರೀರದ ವ್ಯಾಪಾರಗಳನ್ನೆಲ್ಲ ಮಿದುಳು ನರತಂತುಗಳ ಮೂಲಕವೇ ನಡೆಸುತ್ತದೆಂಬುದು ಬಹುಕಾಲದ ನಂಬಿಕೆಯಾಗಿತ್ತು. ರಕ್ತದಲ್ಲಿ ಬೆರೆತು ದೂರದ ಅಂಗವನ್ನು ಎಚ್ಚರಿಸುವ ರಸಗಳೂ ಉಂಟೆಂಬುದನ್ನು 1902ರಲ್ಲಿ ಇಂಗ್ಲೆಂಡಿನ ಬೇಲಿಸ್ ಮತ್ತು ಸ್ಟಾರ್ಲಿಂಗರು ಪ್ರಯೋಗದಿಂದ ತೋರಿಸಿದರು. 1905ರಲ್ಲಿ ಸ್ಟಾರ್ಲಿಂಗರು ಇಂತಹ ರಸಗಳಿಗೆ ‘ಹಾರ್ಮೋನು’ ಎಂಬ ಹೆಸರನ್ನು ಬಳಕೆಗೆ ತಂದರು. ಅದರ ಗ್ರೀಕ್ ಮೂಲಕ್ಕೆ ಪ್ರೇರಿಸು, ಚಲನೆಗೊಳಿಸು ಎಂಬ ಅರ್ಥವಿರುವುದರಿಂದ ‘ಚೋದಕ’ವೆಂಬ ನಮ್ಮ ಪದವು ಅದಕ್ಕೆ ಸೊಗಸಾಗಿಯೇ ಒಪ್ಪುತ್ತದೆ.

ಮಿದುಳಿನ ತಳದಲ್ಲಿ ಸುಮಾರು 4 ಗ್ರಾಂ ತೂಕದ ಹೈಪೋಥಲಾಮಸ್ ಎಂಬ ಪ್ರದೇಶವಿದೆ. ಅದರಿಂದ ತೊಟ್ಟಿನಲ್ಲಿ ತೂಗುವ ಕಾಯಿಯಂತೆ ಇಳಿಬಿದ್ದ ಪಿಟ್ಯುಟರಿ ಗ್ರಂಥಿಯು ಬಟಾಣಿ ಕಾಳಿನಷ್ಟಿದ್ದು, ಕುದುರೆಯ ಜೀನನ್ನು ಹೋಲುವ ಎಲುಬಿನ ಕುಳಿಯಲ್ಲಿ ಅಡಗಿದೆ. ಈ ಗ್ರಂಥಿಯ ಹಿಂಭಾಗವು ತಾನಾಗಿ ಚೋದಕಗಳನ್ನು ತಯಾರಿಸುವುದಿಲ್ಲ. ಹೈಪೋಥಲಾಮಸ್ಸಿನ ನರಕೋಶಗಳು ತಯಾರಿಸಿದವು ಆ ಕೋಶಗಳ ತಂತುಗಳಲ್ಲಿಯೇ ಇಳಿದುಬಂದು ಇಲ್ಲಿ ಸಂಗ್ರಹವಾಗುತ್ತವೆ. ವೈಶಾಖದ ಬಿಸಿಲಿನಲ್ಲಿ ನಾಲತವಾಡದ ಎರೆಹೊಲದಲ್ಲಿ ದುಡಿಯುವ ರೈತನು ಬೆವರಿ, ರಕ್ತದಲ್ಲಿ ಲವಣದ ಸಾಂದ್ರತೆ ತುಸು ಏರಿದೊಡನೆ ವ್ಯಾಸೊಪ್ರೆಸಿನ್ ಎಂಬ ಚೋದಕವು ಹೊರಬಿದ್ದು, ನೀರನ್ನು ಉಳಿಸಿಕೊಳ್ಳುವಂತೆ ಮೂತ್ರಪಿಂಡಗಳಿಗೆ ಸೂಚಿಸುತ್ತದೆ. ತಾಯಿಯ ಎದೆಹಾಲನ್ನು ಹೊರಹೊಮ್ಮಿಸುವ ಆಕ್ಸಿಟೋಸಿನ್ ಸಹ ಇದೇ ಮಾರ್ಗದಲ್ಲಿ ಬರುತ್ತದೆ.

ಮುಂಭಾಗದ ವ್ಯವಸ್ಥೆ ಬೇರೆ. ಅದು ಚೋದಕಗಳನ್ನು ತಾನೇ ತಯಾರಿಸಬಲ್ಲದಾದರೂ ಅಪ್ಪಣೆಗಾಗಿ ಕಾಯುತ್ತದೆ. ಆ ಅಪ್ಪಣೆಯು ಹೈಪೋಥಲಾಮಸ್ಸಿನಿಂದ ಸೂಕ್ಷ್ಮ ರಕ್ತನಾಳಗಳ ಮೂಲಕ ಬರುತ್ತದೆ. ಇದರ ದ್ರವ್ಯವನ್ನು ಹಿಡಿಯುವುದಕ್ಕಾಗಿ ಗಿಲ್ಲೆಮಿನ್ನರು ಕುರಿಗಳ, ಶಾಲಿಯವರು ಹಂದಿಗಳ ಲಕ್ಷಾಂತರ ಮಿದುಳುಗಳನ್ನು ಶೋಧಿಸಿದರು; ದೊರೆತುದು ಮಿಲಿಗ್ರಾಂಗಳ ಲೆಕ್ಕದಲ್ಲಿ. 1969ರಲ್ಲಿ ಥೈರಾಯ್ಡ್ ಸಂಬಂಧದ ಮೊದಲ ಆಜ್ಞಾಪಕದ ರಚನೆ ತಿಳಿದಾಗ, ಅದು ಕೇವಲ ಮೂರು ಅಮೈನೋ ಆಮ್ಲಗಳ ಸರಪಣಿಯಾಗಿತ್ತು! 1977ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕವು ಸಂದಿತು.

ಪಿಟ್ಯುಟರಿಯು ಸ್ರವಿಸುವ ಸಂತಾನಸಂಬಂಧದ ಚೋದಕಗಳ ಬಗೆಗೆ ಕರ್ನಾಟಕದಲ್ಲಿಯೂ ಹಿರಿದಾದ ಕಾರ್ಯ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರು ಪ್ರತಿಕಾಯಗಳಿಂದ ಒಂದೊಂದು ಚೋದಕವನ್ನು ಪ್ರತ್ಯೇಕವಾಗಿ ನಿಷ್ಕ್ರಿಯಗೊಳಿಸಿ, ಅದರ ಕಾರ್ಯವೇನೆಂಬುದನ್ನು ಕೋತಿಗಳಲ್ಲಿ ಪರಿಶೀಲಿಸಿದರು. ಇಲ್ಲದಿರುವಿಕೆಯಿಂದ ಇರುವಿಕೆಯನ್ನು ಅರಿಯುವ ಈ ಕ್ರಮ ತರ್ಕಶಾಸ್ತ್ರ ಬಲ್ಲವರಿಗೆ ಹೊಸದೇನಲ್ಲ.

ಇನ್ನು ನಿಯಂತ್ರಣದ ಮಾತು. ನಾರಾಯಣಪುರದ ಬಸವಸಾಗರದ ಕಾಲುವೆಗಳನ್ನು ಕಂಡವರಿಗೆ ಇದು ಸುಲಭವೇದ್ಯ. ಕೊನೆಯ ಹೊಲಕ್ಕೆ ನೀರು ಸಾಕಾಯಿತೆಂಬ ಸುದ್ದಿ ತಲುಪಿದಾಗ ಮೇಲಿನ ಬಾಗಿಲನ್ನು ಇಳಿಸಬೇಕು. (ಕಾಲುವೆಯಲ್ಲಿ ಆ ಸುದ್ದಿ ಸಕಾಲಕ್ಕೆ ತಲುಪುವುದು ಅಪರೂಪವೆಂಬುದು ಬೇರೆ ಮಾತು.) ಕೊರಳಿನ ಥೈರಾಯ್ಡ್ ಗ್ರಂಥಿಯ ರಸವು ರಕ್ತದಲ್ಲಿ ಸಾಕಷ್ಟಾದಾಗ ಅದೇ ಸುದ್ದಿಯಾಗಿ ಮಿದುಳಿಗೆ ಮರಳಿ, ಹೈಪೋಥಲಾಮಸ್ ಮತ್ತು ಪಿಟ್ಯುಟರಿಗಳೆರಡನ್ನೂ ತಡೆಯುತ್ತದೆ. ಅಯೋಡಿನ್ ಕೊರತೆಯಿಂದ ಆ ರಸವು ಕುಂದಿದರೆ ತಡೆಯೂ ಇಲ್ಲವಾಗುತ್ತದೆ. ಪಿಟ್ಯುಟರಿಯ ಒತ್ತಾಯ ಎಡೆಬಿಡದೆ ಸಾಗಿ, ಗ್ರಂಥಿಯು ಊದಿ ಗಳಗಂಡವಾಗುತ್ತದೆ. ಥೈರಾಯ್ಡ್ ಕುಂದಿದೆಯೇ ಎಂದು ಅರಿಯಲು ವೈದ್ಯರು ಪಿಟ್ಯುಟರಿಯ ಚೋದಕವನ್ನು ಅಳೆಯುವುದರ ಮರ್ಮವೂ ಇದೇ.

ತರಗತಿಯಲ್ಲಿ ಬೆಳವಣಿಗೆ ಕುಂಠಿತವಾಗಿ, ಸದಾ ತೂಕಡಿಸುತ್ತ, ಪಾಠ ಹತ್ತದೆ ಕುಳಿತ ಬಾಲಕನನ್ನು ಸೋಮಾರಿಯೆಂದು ಗದರುವುದಕ್ಕೆ ಮುನ್ನ ಉಪಾಧ್ಯಾಯರು ಈ ಪರೀಕ್ಷೆಯನ್ನು ನೆನೆಯುವುದು ಒಳಿತು. ಹುಟ್ಟಿನಿಂದಲೇ ಈ ಕೊರತೆಯುಳ್ಳ ಶಿಶುಗಳ ವಿಷಯವಂತೂ ಇನ್ನೂ ಗುರುತರವಾದುದು. ಭಾರತದಲ್ಲಿ ಜನಿಸುವ ಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಇದು ಉಂಟೆಂದು ಅಂದಾಜು. ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಿಂದ ಇದನ್ನು ಗುರುತಿಸಬಹುದು. ಮೊದಲ ಎರಡು ವಾರಗಳಲ್ಲಿ ಥೈರಾಕ್ಸಿನ್ ಗುಳಿಗೆಯನ್ನು ಆರಂಭಿಸಿದರೆ ಮಗುವಿನ ಬುದ್ಧಿಯು ಸಾಮಾನ್ಯವಾಗಿ ಇತರರಂತೆಯೇ ವಿಕಾಸಗೊಳ್ಳುತ್ತದೆ. ತಿಂಗಳುಗಳು ಕಳೆದ ಮೇಲೆ ಕೊಟ್ಟರೆ ಶರೀರವು ಬೆಳೆದರೂ ಮಿದುಳಿಗೆ ಆದ ನಷ್ಟವು ಪೂರ್ಣವಾಗಿ ತುಂಬುವುದಿಲ್ಲ.