ಡೈಮಂಡ್ ಬಂತು, ಕಾಯೋ ದಿನ ಬರಲಿಲ್ಲ: ಫ್ಲೋಚಾರ್ಟ್ ಇಂಪೋರ್ಟ್ ಮಾಡುವಾಗ ಆಗೋದೇನು?

ಇವತ್ತಿನ ಎಪಿಸೋಡ್ ಶುರುವಾಗೋದು ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ, ನಮ್ಮ ಅತ್ತೆಯ ಮನೆ ಕಟ್ಟೆ ಮೇಲೆ.

ಪೌತಿ ಖಾತೆ ಅಂದ್ರೆ ಏನು ಅಂತ ಒಂದು ಎಪಿಸೋಡ್ ಮಾಡಬೇಕಿತ್ತು. ಜಮೀನಿನ ಮಾಲೀಕರು ತೀರಿಕೊಂಡ ಮೇಲೆ ಪಹಣಿ ವಾರಸುದಾರರ ಹೆಸರಿಗೆ ಬದಲಾಗೋ ಕೆಲಸ ಅದು. ನಾನು ಮೊದಲು ವಿಸಿಯೊದಲ್ಲಿ ಒಂದು ಫ್ಲೋಚಾರ್ಟ್ ಬರೆದೆ: ಅರ್ಜಿ, ವಂಶವೃಕ್ಷದ ಪರಿಶೀಲನೆ, ನೋಟಿಸ್, ಆಮೇಲೆ ಒಂದು ಡೈಮಂಡ್, ಅದರೊಳಗೆ 'ತಕರಾರು ಬಂತಾ?' ಅನ್ನೋ ಪ್ರಶ್ನೆ. ಇಲ್ಲ ಅಂದ್ರೆ ಕಂದಾಯ ನಿರೀಕ್ಷಕರ ಆದೇಶ. ಹೌದು ಅಂದ್ರೆ ತಹಶೀಲ್ದಾರ್ ಮುಂದೆ ವಿಚಾರಣೆ. ಆ ಫೈಲನ್ನ ಬಿಪಿಎಂಎನ್ ಟೂಲ್‌ಗೆ ಇಂಪೋರ್ಟ್ ಮಾಡಿದೆ. ಒಂದೇ ಒಂದು ಎರರ್ ಇಲ್ಲ. ಖುಷಿಯಿಂದ ಅತ್ತೆಗೆ ಮೊಬೈಲ್‌ನಲ್ಲಿ ತೋರಿಸಿದೆ.

ಅತ್ತೆ ನೋಡಿ ಕೇಳಿದ್ದು ಒಂದೇ ಮಾತು: "ಇದರಾಗ ನಾ ಬಂದು ಹೇಳೂದು ಯಾವಾಗ?"

ನನ್ನ ಹತ್ರ ಉತ್ತರ ಇರಲಿಲ್ಲ. ಯಾಕಂದ್ರೆ ಚಿತ್ರದಲ್ಲೇ ಅದು ಇರಲಿಲ್ಲ.

ಮೊದಲು ಬಿಪಿಎಂಎನ್ ಅಂದ್ರೇನು ನೋಡೋಣ. ಒಂದು ಕೆಲಸ ಹೆಜ್ಜೆ ಹೆಜ್ಜೆಯಾಗಿ ಹೇಗೆ ನಡೀತದೆ ಅಂತ ಬರೆಯೋ ಚಿಹ್ನೆಗಳ ಭಾಷೆ ಅದು. ಮೊದಲ ಆವೃತ್ತಿ ಬಂದದ್ದು 2004ರಲ್ಲಿ, ಈಗ ಬಳಕೆಯಲ್ಲಿರೋ 2.0 ಬಂದದ್ದು 2011ರಲ್ಲಿ. 2013ರಲ್ಲಿ ಅದು ಐಎಸ್‌ಒ ಮಾನದಂಡವೂ ಆಯ್ತು. ಫ್ಲೋಚಾರ್ಟ್ ಮನುಷ್ಯರು ಓದೋಕೆ. ಬಿಪಿಎಂಎನ್ ಅನ್ನ ಸಾಫ್ಟ್‌ವೇರ್ ಕೂಡ ಓದಿ ನಡೆಸಬಹುದು. ಹಾಗಾಗಿ ಅಲ್ಲಿ ಪ್ರತಿ ಚಿಹ್ನೆಗೂ ಗಟ್ಟಿ ಅರ್ಥ ಇದೆ.

ಇಂಪೋರ್ಟ್ ಹೇಗೆ ಆಗ್ತದೆ? ವಿಸಿಯೊದ ವಿಎಸ್‌ಡಿಎಕ್ಸ್ ಫೈಲ್ ನಿಜಕ್ಕೂ ಒಂದು ಜಿಪ್ ಫೈಲ್. ಒಳಗೆ ಎಕ್ಸ್‌ಎಂಎಲ್ ಪುಟಗಳು. ರೆಡಿ ಆಕಾರಗಳ ಪಟ್ಟಿಯಿಂದ ಎಳೆದು ಇಟ್ಟ ಪ್ರತಿ ಆಕಾರಕ್ಕೂ ಒಂದು ಮೂಲ ಅಚ್ಚು ಇರ್ತದೆ, ಅದಕ್ಕೆ 'ಪ್ರೊಸೆಸ್', 'ಡಿಸಿಷನ್' ಅಂತ ಹೆಸರು. ಟೂಲ್ ಸಾಮಾನ್ಯವಾಗಿ ಆ ಹೆಸರು ನೋಡಿ ಒಂದು ಪಟ್ಟಿಯ ಜೊತೆ ಹೋಲಿಸ್ತದೆ. ಪ್ರೊಸೆಸ್ ಇದ್ರೆ ಟಾಸ್ಕ್. ಡಿಸಿಷನ್ ಇದ್ರೆ ಗೇಟ್‌ವೇ. ನಾವು ಬಿಕಾಂನಲ್ಲಿ ಜರ್ನಲ್‌ನಿಂದ ಲೆಡ್ಜರ್‌ಗೆ ಪೋಸ್ಟಿಂಗ್ ಮಾಡ್ತಿದ್ವಲ್ಲ, ಹಾಗೇ. ಮೊತ್ತ ಸರಿ ಇದ್ದರೂ ತಪ್ಪು ಖಾತೆಗೆ ಹೋದ್ರೆ ಟ್ರಯಲ್ ಬ್ಯಾಲೆನ್ಸ್ ತಾಳೆ ಆಗ್ತದೆ, ಲೆಕ್ಕ ಮಾತ್ರ ಸುಳ್ಳು. ನನ್ನ ಚಿತ್ರದಲ್ಲಿ ಆದದ್ದೂ ಅದೇ, ಮೂರು ಜಾಗದಲ್ಲಿ.

ಒಂದನೇದು, ಉದ್ದ ಗುಂಡಗಿನ ಆಕಾರ. ಫ್ಲೋಚಾರ್ಟ್‌ನಲ್ಲಿ ಆರಂಭಕ್ಕೂ ಅದೇ, ಮುಕ್ತಾಯಕ್ಕೂ ಅದೇ. ಬಿಪಿಎಂಎನ್‌ನಲ್ಲಿ ತೆಳು ಗೆರೆಯ ವೃತ್ತ ಆರಂಭ, ದಪ್ಪ ಗೆರೆಯದು ಮುಕ್ತಾಯ. ಬಾಣ ಒಳಗೆ ಬರ್ತದೋ ಹೊರಗೆ ಹೋಗ್ತದೋ ಅಂತ ನೋಡಿಯೇ ತಿಳೀಬೇಕು. ನಾನು ಒಂದು ಬಾಣವನ್ನ ಆಕಾರಕ್ಕೆ ಅಂಟಿಸದೆ ಹತ್ತಿರ ತಂದು ಬಿಟ್ಟಿದ್ದೆ. ಕಣ್ಣಿಗೆ ಸೇರಿದ ಹಾಗೆ ಕಾಣ್ತಿತ್ತು, ಫೈಲ್‌ನಲ್ಲಿ ಆ ಸಂಬಂಧವೇ ಇರಲಿಲ್ಲ.

ಎರಡನೇದು, ಪರಿಶೀಲನೆಯ ಬಾಕ್ಸ್‌ನಿಂದ ಎರಡು ಬಾಣ ಹೊರಡಿಸಿದ್ದೆ, ಒಂದರ ಮೇಲೆ 'ಸರಿ ಇದೆ', ಇನ್ನೊಂದರ ಮೇಲೆ 'ವಾಪಸ್'. ನಮಗೆ ಇದು 'ಇದು ಇಲ್ಲವೇ ಅದು'. ಬಿಪಿಎಂಎನ್‌ನಲ್ಲಿ ಷರತ್ತು ಇಲ್ಲದೆ ಟಾಸ್ಕ್‌ನಿಂದ ಎರಡು ಬಾಣ ಹೊರಟ್ರೆ ಎರಡೂ ಕೆಲಸ ಒಟ್ಟಿಗೆ ಶುರು ಅಂತ ಅರ್ಥ. ನಾನು ಬರೆದ ಅಕ್ಷರ ಬರೀ ಹೆಸರಾಗಿ ಬಂತು, ಷರತ್ತಾಗಿ ಬರಲಿಲ್ಲ. ಅಂದ್ರೆ ಅದೇ ಅರ್ಜಿ ಮುಂದಕ್ಕೂ ಹೋಯ್ತು, ವಾಪಸ್ಸೂ ಬಂತು!

ಮೂರನೇದೇ ಅತ್ತೆ ಹಿಡಿದದ್ದು. 'ತಕರಾರು ಬಂತಾ?' ಡೈಮಂಡ್ ಇಂಪೋರ್ಟ್ ಆದದ್ದು ಎಕ್ಸ್‌ಕ್ಲೂಸಿವ್ ಗೇಟ್‌ವೇ ಆಗಿ. ಆ ಗೇಟ್‌ವೇ ಕಾಯೋದಿಲ್ಲ ನೋಡ್ರಿ. ಫೈಲ್ ಅಲ್ಲಿಗೆ ಮುಟ್ಟಿದ ಕ್ಷಣವೇ ಇರೋ ಮಾಹಿತಿ ನೋಡಿ ಒಂದು ದಾರಿ ಹಿಡೀತದೆ. ನೋಟಿಸ್ ಹಚ್ಚಿದ ಕ್ಷಣಕ್ಕೆ ಯಾರ ತಕರಾರು ಬಂದಿರ್ತದೆ? ಯಾರದ್ದೂ ಇಲ್ಲ. ಹಾಗಾಗಿ ನೇರ ಆದೇಶ!

ಆದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಲ್ಲಿ ತಕರಾರು ಸಲ್ಲಿಸೋಕೆ ಅವಕಾಶ ಇದೆ. ವಂಶವೃಕ್ಷದಲ್ಲಿ ಹೆಸರು ಬಿಟ್ಟುಹೋದವರು ಮಾತಾಡೋ ಕಾಲ ಅದು. ಬಿಟ್ಟುಹೋಗೋದು ಯಾರ ಹೆಸರು ಅಂತ ನಮ್ಮ ಹಳ್ಳಿಗಳಲ್ಲಿ ಕೇಳಬೇಕಾ? ಮದುವೆಯಾಗಿ ಹೋದ ಅಕ್ಕ-ತಂಗಿಯರದ್ದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ನನ್ನ ಚಿತ್ರ ಆ ಹಕ್ಕು ಹೇಳಿಕೊಳ್ಳೋ ದಿನಗಳನ್ನೇ ಅಳಿಸಿತ್ತು.

ಸರಿ ಮಾಡಿದ್ದು ಹೀಗೆ. ಆ ಡೈಮಂಡ್ ತೆಗೆದು ಇವೆಂಟ್ ಆಧಾರಿತ ಗೇಟ್‌ವೇ ಇಟ್ಟೆ. ಅದೂ ಡೈಮಂಡೇ, ಒಳಗೆ ಜೋಡಿ ವೃತ್ತ, ಅದರೊಳಗೆ ಐದು ಮೂಲೆಯ ಆಕಾರ. ಅದರಿಂದ ಎರಡು ದಾರಿ. ಒಂದರಲ್ಲಿ ಲಕೋಟೆಯ ಚಿಹ್ನೆ, ಅಂದ್ರೆ ತಕರಾರು ಬಂತು. ಇನ್ನೊಂದರಲ್ಲಿ ಗಡಿಯಾರ, ಅಂದ್ರೆ ನೋಟಿಸ್ ಅವಧಿ ಮುಗೀತು. ಯಾವುದು ಮೊದಲೋ ಆ ದಾರಿ ನಡೀತದೆ, ಇನ್ನೊಂದು ಮುಚ್ಚಿಹೋಗ್ತದೆ. ನಾಳೆ ಸರ್ಕಾರ ಅವಧಿ ಬದಲಾಯಿಸಿದ್ರೆ ಗಡಿಯಾರದೊಳಗಿನ ಅಂಕಿ ಬದಲಿಸಿದ್ರೆ ಸಾಕು.

ನೀವು ಆಫೀಸಲ್ಲೋ ಕಾಲೇಜ್ ಪ್ರಾಜೆಕ್ಟ್‌ಗೋ ಹಳೇ ಫ್ಲೋಚಾರ್ಟ್ ಇಂಪೋರ್ಟ್ ಮಾಡೋರಿದ್ರೆ, ಮೊದಲೇ ಬಾಣಗಳನ್ನ ಎಳೆದು ನೋಡಿ, ಆಕಾರದ ಜೊತೆ ಬರ್ತಾವಾ ಅಂತ. ಇಂಪೋರ್ಟ್ ಆದ ಮೇಲೆ ಪ್ರತಿ ಡೈಮಂಡ್ ಮುಂದೆ ನಿಂತು ಒಂದು ಪ್ರಶ್ನೆ ಕೇಳಿ: ಇಲ್ಲಿ ಉತ್ತರ ಈಗಾಗಲೇ ಗೊತ್ತಿದೆಯಾ, ಇಲ್ಲಾ ಅದಕ್ಕಾಗಿ ಕಾಯಬೇಕಾ? ಕಾಯಬೇಕು ಅಂದ್ರೆ ಗಡಿಯಾರ ನೀವೇ ಇಡಬೇಕು. ಹಳೇ ಫೈಲ್‌ನಲ್ಲಿ ಇಲ್ಲದ್ದನ್ನ ಟೂಲ್ ಎಲ್ಲಿಂದ ತರ್ತದೆ?

ಹೊಸ ಚಿತ್ರ ತೋರಿಸಿದಾಗ ಅತ್ತೆ ಲಕೋಟೆ ಮೇಲೆ ಬೆರಳಿಟ್ಟು, "ಇದು ನಂದು" ಅಂದ್ರು. ಮುಂದಿನ ಎಪಿಸೋಡ್‌ನಲ್ಲಿ ಆ ತಕರಾರು ಅರ್ಜಿಯಲ್ಲಿ ಏನೇನು ಬರೀಬೇಕು ಅಂತ ಮಾತಾಡೋಣ. ಬರ್ತೀನ್ರಿ.